ಸಗಣಿಯ ಲೆಕ್ಕ, ದೀಪದ ಲೆಕ್ಕ

(ಯಮಕನಮರಡಿಯ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಹುಕ್ಕೇರಿ ತಾಲೂಕಿನವರು 1969ರಲ್ಲಿಯೇ ಸ್ವಂತ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡವರು. ಆದರೂ ಕರೆಂಟು ಹೋದ ರಾತ್ರಿ ತೋಟದ ಮನೆಗಳಲ್ಲಿ ಮಕ್ಕಳು ಪುಸ್ತಕ ಮುಚ್ಚಿಡುತ್ತಾರೆ. ಅದೇ ಮನೆಯ ಹಿತ್ತಲಲ್ಲಿ ದೀಪಕ್ಕೆ ಬೇಕಾದುದು ರಾಶಿ ಬಿದ್ದಿರುತ್ತದೆ. ನಾವದನ್ನು ತಿಪ್ಪೆ ಎನ್ನುತ್ತೇವೆ.

ಸಗಣಿಗೆ ಅಷ್ಟೇ ನೀರು ಕಲಸಿ, ಗಾಳಿಯಾಡದ ಗುಂಡಿಯಲ್ಲಿ ಕೊಳೆಯಿಸಿದರೆ ಉರಿಯುವ ಗ್ಯಾಸ್ ಬರುತ್ತದೆ. ಒಂದು ಕಿಲೋ ಸಗಣಿಗೆ ಸುಮಾರು 40 ಲೀಟರ್. ಜಾಲರಿ ಬತ್ತಿಯ ಗ್ಯಾಸ್ ದೀಪವು ತಾಸಿಗೆ ಸುಮಾರು 130 ಲೀಟರ್ ಕುಡಿಯುತ್ತದೆ. ಎಂದರೆ ಸಂಜೆ ಮೂರು ತಾಸು ಒಂದು ದೀಪ ಉರಿಯಲು ಒಂದು ದೊಡ್ಡ ದನದ ಇಡೀ ದಿನದ ಸಗಣಿ ಬೇಕು.

ಈ ಲೆಕ್ಕವನ್ನು ನಾನೇ ಒಮ್ಮೆ ತಪ್ಪಿದ್ದುಂಟು. ಡಿಪ್ಲೊಮಾ ಮುಗಿಸಿ ಬಂದ ಹೊಸತರಲ್ಲಿ, ಎರಡೇ ದನವಿದ್ದ ರೈತರೊಬ್ಬರಿಗೆ ಒಲೆ, ದೀಪ ಎರಡೂ ನಡೆಯುತ್ತವೆ ಎಂದುಬಿಟ್ಟೆ. ಮಾಗಿಯ ಚಳಿಗೆ ಗ್ಯಾಸ್ ಇಳಿಯಿತು. ರೊಟ್ಟಿ ಅರ್ಧಕ್ಕೆ ನಿಂತವು, ದೀಪ ಕೆಂಪಗಾಯಿತು. ಆ ಮನೆಯ ಅಜ್ಜಿ, "ತಮ್ಮಾ, ನಿನ್ನ ದೀಪ ಎಲ್ಲೈತಿ ನೋಡಾಕ ಚಿಮಣಿ ಹಚ್ಚಬೇಕಾತು" ಎಂದರು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿಯೂ ಇಂಥದೇ ಅನುಭವವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು ಅಲ್ಲಿ ಊರಿಗೆಲ್ಲ ಸೇರಿ ಗ್ಯಾಸ್ ಗುಂಡಿ ಕಟ್ಟಿದಾಗ ಮೊದಲು ಯೋಚಿಸಿದ್ದು ಅಡುಗೆಯನ್ನು. ಊರಿನ ಸಗಣಿ ಎಲ್ಲ ಒಲೆಗಳಿಗೆ ಸಾಲಲಿಲ್ಲ. ಆಗ ಆ ಗ್ಯಾಸಿನಿಂದ 5 ಕಿಲೋವ್ಯಾಟಿನ ಎಂಜಿನ್ ಓಡಿಸಿ, 1987ರಿಂದ ಮನೆಮನೆಗೆ ವಿದ್ಯುದ್ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ಎಂಜಿನ್ನಿಗೆ ತುಸು ಡೀಸೆಲ್ ಬೇಕಾಗುತ್ತಿತ್ತು, ಅದನ್ನು ಮುಚ್ಚಿಡಬಾರದು. ಸಗಣಿ ತಂದವರಿಗೆ ತೂಕದ ಮೇಲೆ ಹಣ ಕೊಟ್ಟು, ಗುಂಡಿಯಿಂದ ಬಂದ ರಾಡಿಯನ್ನೂ ತಿರುಗಿ ಕೊಟ್ಟರು.

"ಗ್ಯಾಸ್ ತೆಗೆದರೆ ಗೊಬ್ಬರದ ಸತ್ವ ಹೋಗುವುದಿಲ್ಲವೇ?" ಎಂದು ನೀವು ಕೇಳುತ್ತೀರಿ. ಹೋಗದು. ಬೆಳೆಗೆ ಬೇಕಾದ ಸಾರಜನಕವು ರಾಡಿಯಲ್ಲಿಯೇ ಉಳಿಯುತ್ತದೆ. ಆದರೆ ರಾಡಿಯನ್ನು ಬಿಸಿಲಿಗೆ ಒಣಗಿಸಿದಿರೋ, ಅದರಲ್ಲಿ ಬಹಳಷ್ಟು ಹಾರಿಹೋಗುತ್ತದೆ. ಹಸಿಯಿದ್ದಾಗಲೇ ನೀರಿನೊಡನೆ ಕಬ್ಬಿಗೆ ಬಿಡಿರಿ, ಇಲ್ಲವೇ ಕಸದ ಗುಂಡಿಯಲ್ಲಿ ರವದಿಯ ಮೇಲೆ ಸುರಿಯಿರಿ.

ನಾಲ್ಕೈದು ದನವಿದ್ದವರು ಒಲೆಯ ಜೊತೆಗೆ ಒಂದು ಗ್ಯಾಸ್ ದೀಪವನ್ನು ಧೈರ್ಯವಾಗಿ ಇಡಬಹುದು. ದೀಪ ಮಿಣುಕತೊಡಗಿದರೆ ಗಾಬರಿ ಬೇಡ. ಪೈಪಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ, ಅದನ್ನು ಬಸಿದು ಬಿಡಿರಿ. ಒಂದೆರಡು ದನದವರು ಗ್ಯಾಸನ್ನು ಅಡುಗೆಗೇ ಇಟ್ಟು, ದೀಪಕ್ಕೆ ಸಣ್ಣ ಸೋಲಾರ್ ಫಲಕ, ಬ್ಯಾಟರಿ, ಎಲ್‌ಇಡಿ ಬಲ್ಬು ಹಾಕಿಸುವುದು ಲೇಸು. ಆ ಅಜ್ಜಿಯ ಮನೆಯಲ್ಲಿ ಕೊನೆಗೆ ಹಾಗೆಯೇ ಮಾಡಿದೆವು.

ನಿಮ್ಮ ಕೊಟ್ಟಿಗೆಯ ದನಗಳೆಷ್ಟು, ಅವುಗಳಲ್ಲಿ ದಿನವಿಡೀ ಮೇಯಲು ಹೋಗುವವೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ತರಬೇಕು. ಗುಂಡಿಯ ಅಳತೆಯನ್ನು ಕೂಡಿಯೇ ಹಾಕೋಣ.