ನಮ್ಮ ಮನೆಯ ಡಿಶ್ಶಿಗೆ ಆಕಾಶ ಎಷ್ಟು ದೂರ ಸಿಗುತ್ತದೆ?



ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿ ಮಾತಾಡಲು ನಿಂತರೆ ಸಾಧನೆಯ ಕಥೆ ಹೇಳುವುದು ರೂಢಿ. ನನ್ನದು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಅದರಲ್ಲಿ ನಿಮಗೆ ಹೇಳುವಂಥದ್ದು ಏನೂ ಇಲ್ಲ. ಅದಕ್ಕೇ ಒಂದು ಹುಣಸೆ ಮರದ ವಿಷಯ ಹೇಳುತ್ತೇನೆ.

2020ರಲ್ಲಿ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಶಾಲೆ ಮುಚ್ಚಿತ್ತು. ಪ್ರೌಢಶಾಲೆ ಮಕ್ಕಳಿಗೆ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದವು. ನಮ್ಮ ಪಕ್ಕದ ಮನೆಯ ಹುಡುಗಿ ಹತ್ತನೇ ತರಗತಿ. ಮನೆಗೆಲ್ಲ ಇದ್ದದ್ದು ಒಂದೇ ಫೋನು. ಅವಳ ಅಪ್ಪ ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುತ್ತಿದ್ದವರು. ರೈಲು ನಿಂತಿತು, ಕೆಲಸ ನಿಂತಿತು, ಟಿವಿಯ ರೀಚಾರ್ಜೂ ನಿಂತಿತು. ತಿಂಗಳ ಹಣ ಕಟ್ಟಬೇಕಿಲ್ಲವೆಂದು ಡಿಡಿ ಫ್ರೀ ಡಿಶ್ ಬಾಕ್ಸ್ ಒಂದನ್ನು ತಂದು ಛಾವಣಿಯ ಮೇಲಿದ್ದ ಹಳೆಯ ತಟ್ಟೆಗೇ ಜೋಡಿಸಿದರು. ಸಿಗ್ನಲ್ ಇಲ್ಲ. ರಿಪೇರಿಯವನೊಬ್ಬ ಬಂದು ಕೆಳಗಿನಿಂದಲೇ ನೋಡಿ, ಆಗ್ನೇಯಕ್ಕೆ ಹುಣಸೆ ಮರ ಅಡ್ಡ ಇದೆ, ಕಡಿಸಿ ಅಂದ.

ಹುಡುಗಿ ನಮ್ಮ ಮನೆಗೆ ಬಂದಳು. “ಅಣ್ಣಾ, ಮರ ಕಡೀದೆ ಬೇರೆ ದಾರಿ ಇಲ್ವಾ? ಅಜ್ಜಿ ನಿನ್ನೆಯಿಂದ ಊಟ ಮಾಡಿಲ್ಲ.”

ನಾನು ಬಿ.ಇ. ಮಾಡಿದವನು. ಆಂಟೆನಾ ಪಾಠವನ್ನು ಪರೀಕ್ಷೆಯಲ್ಲಿ ಬರೆದು ಬಂದಿದ್ದೆ, ಛಾವಣಿ ಹತ್ತಿ ಡಿಶ್ ಮುಟ್ಟಿದವನಲ್ಲ. ಆದರೂ ಹತ್ತಿದೆ.

ಮೊದಲು ಕಂಡ ತಪ್ಪು ಸುಲಭದ್ದು. ಟಿವಿ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ಸುತ್ತಿದಷ್ಟೇ ವೇಗದಲ್ಲಿ ತಾವೂ ಸುತ್ತುತ್ತವೆ. ಅದಕ್ಕೇ ನಮಗೆ ನಿಂತಲ್ಲೇ ನಿಂತಂತೆ. ಒಂದೊಂದಕ್ಕೆ ಒಂದೊಂದು ಜಾಗ. ಟಾಟಾದವರದು 83 ಡಿಗ್ರಿ ಪೂರ್ವ, ಫ್ರೀ ಡಿಶ್‌ನದು 93.5, ಏರ್‌ಟೆಲ್‌ನದು 108.2. ಎರಡು ಅಡಿ ಅಗಲದ ಮನೆಯ ತಟ್ಟೆ ಒಂದು ಸಲಕ್ಕೆ ನೋಡುವುದು ಆಕಾಶದ ಸುಮಾರು 3 ಡಿಗ್ರಿ ಮಾತ್ರ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಹಳೆಯ ತಟ್ಟೆ 83ನ್ನೇ ನೋಡುತ್ತಾ ಕೂತಿತ್ತು. ಬಾಕ್ಸ್ ಬದಲಾಯಿಸಿದ್ದರು, ದಿಕ್ಕು ಬದಲಾಯಿಸಿರಲಿಲ್ಲ.

ಇನ್ನು ಮರ. ನಮ್ಮ ಬಂಗಾರಪೇಟೆ, ಕೆಜಿಎಫ್ ಕಡೆಯಿಂದ 93.5ರ ಉಪಗ್ರಹ ಇರುವುದು ಆಗ್ನೇಯಕ್ಕೆ, ಆದರೆ ನೆಲದಿಂದ 67 ಡಿಗ್ರಿ ಎತ್ತರದಲ್ಲಿ. ನೆತ್ತಿಗೆ ಹತ್ತಿರ ಅಂತಲೇ ಹೇಳಬಹುದು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಮನೆಯ ಡಿಶ್ಶಿನಲ್ಲಿ ಎಲ್‌ಎನ್‌ಬಿ ನಡುವೆ ಇರುವುದಿಲ್ಲ, ಕೆಳಗಿನ ಕೋಲಿನ ತುದಿಯಲ್ಲಿರುತ್ತದೆ. ಹಾಗಾಗಿ ತಟ್ಟೆ ಮುಖ ಮಾಡಿದಂತೆ ಕಾಣುವ ಕಡೆಗಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ನೋಡುತ್ತಿರುತ್ತದೆ. ಕೆಳಗೆ ನಿಂತವರಿಗೆ ಅದು ಮರವನ್ನೇ ದಿಟ್ಟಿಸುತ್ತಿರುವ ಹಾಗೆ ಕಾಣುತ್ತದೆ. ಹುಡುಗಿಯ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ತೂಗುಬಿಟ್ಟು ಅಳೆದೆವು. ಮರದ ತುದಿ 53 ಡಿಗ್ರಿ. ಅದರ ತಲೆಯ ಮೇಲೆ ಇನ್ನೂ 14 ಡಿಗ್ರಿ ಖಾಲಿ ಆಕಾಶ.

ಲೆಕ್ಕ ಸರಿ ಇತ್ತು. ಚಿತ್ರ ಮಾತ್ರ ಬರಲಿಲ್ಲ. ಎರಡು ದಿನ ತಿರುಗಿಸಿದೆ. ಅವಳ ಅಪ್ಪ ಒಳ್ಳೆಯವರು, ಏನೂ ಅನ್ನಲಿಲ್ಲ, ಆದರೆ ಮರ ಕಡಿಯುವವನಿಗೆ ಹೇಳಿಕಳಿಸಿದರು ಅಂತ ಗೊತ್ತಾಯಿತು. ಮಗಳ ಪಾಠ ತಪ್ಪುತ್ತಿತ್ತು, ಅವರದೂ ತಪ್ಪಲ್ಲ.

ಆಗ ಸೆಪ್ಟೆಂಬರ್ ಕೊನೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಮಾತು ಮುಳುಗಿಹೋಗಿ ಟಿವಿ ಕೆಲವು ನಿಮಿಷ ಕೈಕೊಡುತ್ತದೆ. 93.5ಕ್ಕೆ ನಮ್ಮಲ್ಲಿ ಅದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ನಾನು ಅವಳ ಅಪ್ಪನಿಗೆ, “ಅಣ್ಣಾ, ನಾಳೆ ಹನ್ನೊಂದು ಗಂಟೆವರೆಗೆ ತಡೀರಿ” ಅಂದೆ.

ಮರುದಿನ ಮನೆಯವರೆಲ್ಲ ಛಾವಣಿಯ ಮೇಲೆ. ಹನ್ನೊಂದಕ್ಕೆ ತಟ್ಟೆಯ ಮೇಲೆ ಪೂರ್ತಿ ಬಿಸಿಲು. ಮರದ ನೆರಳು ಅಷ್ಟು ದೂರದಲ್ಲಿ, ಅಂಗಳದಲ್ಲಿ ಬಿದ್ದಿತ್ತು. ಸೂರ್ಯನ ಬೆಳಕು ಬರುವ ದಾರಿಯೇ ಆ ಹೊತ್ತಿಗೆ ಉಪಗ್ರಹದ ದಾರಿ. ಅಜ್ಜಿಗೆ ಯಾವ ಡಿಗ್ರಿಯೂ ಬೇಕಾಗಲಿಲ್ಲ, “ನೆರಳೇ ಇಲ್ವಲ್ಲೋ” ಅಂದರು. ತಟ್ಟೆಯಿಂದ ಹೊರಳಿದ ಬಿಸಿಲು ಎಲ್‌ಎನ್‌ಬಿ ಮೂತಿಯ ಮೇಲೆ ಬೀಳುವ ಹಾಗೆ ತಿರುಗಿಸಿ ನಟ್ಟು ಬಿಗಿ ಮಾಡಿದೆವು. ಸೂರ್ಯ ಸರಿಯಲಿ ಅಂತ ಕಾದೆವು. ಆಗಲೂ ಬರಲಿಲ್ಲ! ದಿಕ್ಕೂ ಸರಿ, ಮರವೂ ಸರಿ, ಉಳಿದದ್ದು ವೈರು. ಎಲ್‌ಎನ್‌ಬಿಗೆ ಸಿಕ್ಕಿಸುವ ಪಿನ್ನು ಮಳೆನೀರಿಗೆ ಹಸಿರು ಹಿಡಿದಿತ್ತು. ತುದಿ ಕತ್ತರಿಸಿ ಹೊಸ ಪಿನ್ ಹಾಕಿದ ಮೇಲೆ ಚಂದನ ಬಂತು. ಮೊದಲೇ ಅದನ್ನು ನೋಡದೆ ಹೋದದ್ದು ಬಿ.ಇ. ಮಾಡಿದವನ ಬುದ್ಧಿ.

ಅವತ್ತು ಹುಡುಗಿ ಕೇಳಿದ ಪ್ರಶ್ನೆಯೇ ಇವತ್ತಿನ ನನ್ನ ಮಾತಿಗೆ ಕಾರಣ. “ಅಣ್ಣಾ, ಇದನ್ನ ಇನ್ನೂ ತಿರುಗಿಸಿದ್ರೆ ಅಮೆರಿಕಾ ಟಿವಿ ಬರುತ್ತಾ?”

ಆ ರಾತ್ರಿ ಲೆಕ್ಕ ಹಾಕಿದೆ. ಉಪಗ್ರಹಗಳ ಆ ಸಾಲು ನಮ್ಮೂರಿನ ಆಕಾಶದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಕಮಾನು. ಅದರ ನೆತ್ತಿ ದಕ್ಷಿಣಕ್ಕೆ, 75 ಡಿಗ್ರಿ ಎತ್ತರದಲ್ಲಿ. ಥಾಯ್ಲೆಂಡಿನವರ ಥಾಯ್‌ಕಾಮ್ ಉಪಗ್ರಹಗಳಿರುವ 78.5 ಡಿಗ್ರಿ ಹೆಚ್ಚುಕಡಿಮೆ ನಮ್ಮ ಕೆಜಿಎಫ್‌ನ ರೇಖಾಂಶವೇ. ಕಮಾನಿನ ಒಂದು ಕಾಲು ಪೂರ್ವದಲ್ಲಿ 159 ಡಿಗ್ರಿಗೆ, ಪೆಸಿಫಿಕ್ ಸಾಗರದ ಮೇಲೆ. ಇನ್ನೊಂದು ಲಂಡನ್ನಿನ ರೇಖೆಯನ್ನೂ ದಾಟಿ 3 ಡಿಗ್ರಿ ಪಶ್ಚಿಮಕ್ಕೆ. ನೆಲಮಟ್ಟದಲ್ಲಿ ಗುಡ್ಡ, ಮನೆ, ನಮ್ಮ ಸಯನೈಡ್ ದಿಬ್ಬಗಳು ಎಲ್ಲ ಅಡ್ಡ ಬರುತ್ತವಾದ್ದರಿಂದ ಹತ್ತು ಡಿಗ್ರಿ ಬಿಟ್ಟರೂ 7ರಿಂದ 149ರವರೆಗೆ ತೆರೆದ ಆಕಾಶ. ಅಮೆರಿಕದ ಮನೆಗಳಿಗೆ ಪ್ರಸಾರ ಮಾಡುವ ಉಪಗ್ರಹಗಳು ಮಾತ್ರ ನಮಗೆ ನೆಲದ ಕೆಳಗೆ. ಯಾವ ತಟ್ಟೆಗೂ ಸಿಗುವುದಿಲ್ಲ.

ಯೂರೋಪಿನ ವಿಷಯ ಬೇರೆ. ಅಲ್ಲಿನ ಮನೆಮನೆಗೆ ಟಿವಿ ಕೊಡುವ ಆಸ್ಟ್ರಾ ಉಪಗ್ರಹಗಳು 19.2 ಡಿಗ್ರಿಯಲ್ಲಿವೆ. ನಮ್ಮ ಪಶ್ಚಿಮಕ್ಕೆ, 22 ಡಿಗ್ರಿ ಮೇಲೆ, ಸಂಜೆ ಇಳಿಬಿಸಿಲಿನ ಸೂರ್ಯನಷ್ಟು ಎತ್ತರದಲ್ಲಿ. ತಟ್ಟೆ ನೇರ ಅದರ ಕಡೆಗೇ ತಿರುಗಿಸಬಹುದು. ಏನೂ ಬರುವುದಿಲ್ಲ, ಏಕೆಂದರೆ ಅದು ಮುಖ ಮಾಡಿರುವುದು ಯೂರೋಪಿಗೆ. ಡಿಶ್ ನಮ್ಮ ಕೈಯಲ್ಲ, ಚಾಚಿ ಹಿಡಿಯಲು, ಅದು ಕಿವಿ. ಆ ಕಡೆಯವರು ನಮ್ಮ ದಿಕ್ಕಿಗೆ ಮಾತಾಡಿದರೆ ಕೇಳಿಸುತ್ತದೆ.

ನಮ್ಮ ಶಾಲೆ ಶುರುವಾದ ದಶಕದಲ್ಲೇ ಇದಕ್ಕೊಂದು ಉದಾಹರಣೆ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ನಮ್ಮ ದೇಶದ ಕಡೆಗೆ ತಂದು ನಿಲ್ಲಿಸಿ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಕೊಟ್ಟರು. ಸೈಟ್ ಯೋಜನೆ ಅಂತ ಹೆಸರು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳು. ಹತ್ತು ಅಡಿ ಅಗಲದ, ಕೋಳಿಗೂಡಿನ ಜಾಲರಿಯ ಡಿಶ್ಶುಗಳು. 1976ರ ಜುಲೈ 31ಕ್ಕೆ ಯೋಜನೆ ಮುಗಿಯಿತು, ಉಪಗ್ರಹವನ್ನು ವಾಪಸು ಸಾಗಿಸಿದರು. ಡಿಶ್ ಅದೇ, ಆಕಾಶ ಅದೇ. ಆ ಜಾಗದಿಂದ ಮಾತಾಡುವವರು ಇರಲಿಲ್ಲ. ಈಗ ಚಂದನ ಬರುವ ಜಿಸ್ಯಾಟ್-15 ನಮ್ಮದೇ. 2015ರ ನವೆಂಬರಿನಲ್ಲಿ ಹಾರಿದ್ದು, ಅದನ್ನು ನೋಡಿಕೊಳ್ಳುವುದು ನಮ್ಮ ಹಾಸನದಿಂದ.

ಇದನ್ನೆಲ್ಲ ಹೇಳಿದಾಗ ಹುಡುಗಿಯ ತಾತ ನಕ್ಕರು. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. “ನಾವು ಭೂಮಿ ಒಳಗಿಂದಾನೇ ಆಕಾಶ ನೋಡಿದೋರು ಕಣಪ್ಪಾ” ಅಂದರು. ಮಾತು ಉತ್ಪ್ರೇಕ್ಷೆಯಲ್ಲ. 1965ರಲ್ಲಿ ಕೆಜಿಎಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋಗಳ ಸುಳಿವು ಹಿಡಿದಿದ್ದರು.

ಆ ಹುಡುಗಿ ಇವತ್ತು ಈ ಸಭೆಯಲ್ಲೇ ಕೂತಿದ್ದಾಳೆ. ಹೆಸರು ಹೇಳಬೇಡಿ ಅಂದಿದ್ದಾಳೆ. ಮರವೂ ಇದೆ. ಪ್ರತಿ ಬೇಸಿಗೆ ನಮ್ಮ ಮನೆಗೆ ಒಂದು ಉಂಡೆ ಹುಣಸೆಹಣ್ಣು ಬರುತ್ತದೆ. ನಿಮ್ಮ ಮನೆಯಲ್ಲೂ ಫ್ರೀ ಡಿಶ್‌ಗೆ ಮರ ಅಡ್ಡ ಅಂತ ಯಾರಾದರೂ ಹೇಳಿದರೆ, ಮಾರ್ಚ್ 14ರ ಆಸುಪಾಸು ಹನ್ನೊಂದೂ ಕಾಲಿಗೆ ಛಾವಣಿ ಹತ್ತಿ ನೆರಳು ಎಲ್ಲಿದೆ ನೋಡಿ. ಅದಕ್ಕೂ ಮೊದಲು ಪಿನ್ ನೋಡಿ.