ಚಿಂದಿಗೆ ಬಂದ ಬೆಲೆ
(ಶ್ರೀರಾಂಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಹಳೇ ಸೀರೆ, ಹರಿದ ಪಂಚೆ ಸೇರಿಸಿ ಅವ್ವ ಹೊಲಿದ ಕೌದಿಯನ್ನ ಹಾಸ್ಟೆಲ್ಲಿಗೆ ತಂದು, ಯಾರೂ ನೋಡದ ಹಾಗೆ ಟ್ರಂಕಿನ ಹಿಂದೆ ಅಡಗಿಸಿಟ್ಟವರು ನಾವು. ಸವೆದ ಟೈರಿನಲ್ಲಿ ಕೊಯ್ದ ಮೆಟ್ಟು ಮೆಟ್ಟಿ ಶಾಲೆಗೆ ಬಂದು ನಗೆಪಾಟಲಾದವರೂ ನಾವೇ.

ಈಗ ಕೇಳಿ. 2022ರಲ್ಲಿ ಬಾಲೆನ್ಸಿಯಾಗಾ ಅನ್ನೋ ಫ್ಯಾಷನ್ ಕಂಪನಿ, ಕಸ ತುಂಬೋ ಚೀಲದ ಹಾಗೇ ಕಾಣೋ ಒಂದು ಚೀಲ ಮಾರಾಟಕ್ಕಿಟ್ಟಿತು. ಬೆಲೆ 1,790 ಡಾಲರು, ಅಂದರೆ ಲಕ್ಷ ರೂಪಾಯಿಗೂ ಮೇಲೆ. ಮಾಡಿದ್ದು ಪ್ಲಾಸ್ಟಿಕ್ಕಿನಲ್ಲಲ್ಲ, ಕರುವಿನ ಚರ್ಮದಲ್ಲಿ! ಚರ್ಮ ಮುಟ್ಟಿದವರನ್ನ ಊರಾಚೆ ಇಟ್ಟ ದೇಶದಲ್ಲಿ ಹುಟ್ಟಿದ ನಾವು ನಗಬೇಕೋ ಅಳಬೇಕೋ.

ಇದೇ ಮೊದಲೇನಲ್ಲ. 2000ದ ಜನವರಿಯಲ್ಲಿ ಪ್ಯಾರಿಸಿನ ಡಿಯೋರ್ ಕಂಪನಿಗೆ ಜಾನ್ ಗ್ಯಾಲಿಯಾನೊ ಎಂಬಾತ, ಬೀದಿಯಲ್ಲಿ ಮಲಗೋ ನಿರ್ಗತಿಕರನ್ನ ನೋಡಿ ಉಡುಪು ಮಾಡಿದ. ಹರಕು, ಚಿಂದಿ, ಸುದ್ದಿಪತ್ರಿಕೆಯ ಅಚ್ಚು ಹಾಕಿದ ಬಟ್ಟೆ. ಅಲ್ಲಿನ ಜನ ಸಿಟ್ಟಾಗಿ ಪ್ರತಿಭಟಿಸಿದರು. ಬೀದಿಯವನ ಚಿಂದಿಗೆ ಬೆಲೆ ಬಂತು, ಬೀದಿಯವನಿಗೆ ಬರಲಿಲ್ಲ.

ನಮಗಂತೂ ಚಿಂದಿ ಷೋಕಿಯಾಗಿ ಬಂದದ್ದಲ್ಲ. ಚಂಡಾಲರು ಊರ ಹೊರಗಿರಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಕಟ್ಟಳೆಯೇ ಇದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಸುಡಿಸಿದ್ದು ಇದೇ ಪುಸ್ತಕವನ್ನ. ಅಲ್ಲಿಯೇ ಹೆಣ್ಣುಮಕ್ಕಳಿಗೆ, ಜಾತಿ ಗುರುತು ಹೇಳೋ ಒಡವೆ ಬಿಡಿ, ಮೇಲ್ಜಾತಿ ಹೆಂಗಸರ ಹಾಗೆಯೇ ಸೀರೆ ಉಡಿ ಎಂದರು. ಅಂಬೇಡ್ಕರರ ಸೂಟು ಬೂಟು ನೋಡಿ ಆಡಿಕೊಳ್ಳೋರು ಮೊದಲು ಆ ಕಟ್ಟಳೆ ಓದಲಿ.

ಹಾಗಂತ ಕಸದಿಂದ ವಸ್ತು ಮಾಡೋದೇ ತಪ್ಪು ಅಂತ ನಾವು ಹೇಳ್ತಿಲ್ಲ. 2015ರಲ್ಲಿ ಮಹಾರಾಷ್ಟ್ರದಲ್ಲಿ ಗೋವಂಶ ಹತ್ಯೆ ನಿಷೇಧ ಬಿಗಿಯಾಗಿ, ಚರ್ಮದ ಕೆಲಸಗಾರರ ಕೈ ಖಾಲಿಯಾಯ್ತು. ಮುಂಬೈಯ ಸುಧೀರ್ ರಾಜ್‌ಭರ್ ಅಂಥವರ ಜೊತೆ ಸೇರಿ ಹಳೇ ರಬ್ಬರಿನಲ್ಲಿ ಚೀಲ ಮಾಡಿಸಿದರು. ಬೈಗುಳವಾಗಿದ್ದ ‘ಚಮಾರ್’ ಅನ್ನೋ ಹೆಸರನ್ನೇ ತಮ್ಮ ಸಂಸ್ಥೆಗೆ ಇಟ್ಟರು. ಕೊಳ್ಳೋನು ಆ ಹೆಸರು ಬಾಯಲ್ಲಿ ಹೇಳಿಯೇ ಕೊಳ್ಳಬೇಕು.

ಇವತ್ತು ರಾತ್ರಿ ಆ ಕೌದಿ ಟ್ರಂಕಿನ ಹಿಂದಿಂದ ಹೊರಗೆ ಬರಲಿ. ಹೊಲಿಯೋಕೆ ಎಷ್ಟು ದಿನ ಹಿಡೀತು, ಆ ದಿನಗಳ ಕೂಲಿ ಎಷ್ಟಾಗುತ್ತೆ ಅಂತ ರಜೆಗೆ ಹೋದಾಗ ಅವ್ವನ್ನ ಕೇಳಿ. ಲೆಕ್ಕ ಬರಕೊಂಡು ಬನ್ನಿ, ಮುಂದಿನ ಸಲ ಅದನ್ನೇ ಓದೋಣ.