ಸೊನ್ನೆಯ ಜಾಗ

ನಮ್ಮ ಕಡೆಯ ಕಣಗಳಲ್ಲಿ ರಾಗಿ ಅಳೆಯುವಾಗ ಹಿರಿಯರು ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎಂದು ಶುರುಮಾಡಿ ಎರಡು, ಮೂರು ಎಂದು ಮುಂದುವರಿಯುತ್ತಿದ್ದರು. ಸೊನ್ನೆಯಿಂದ ಎಣಿಸಿದವರುಂಟೆ? ಖಾಲಿ ಕೊಳಗವನ್ನು ಯಾರು ತಾನೇ ಸುರಿಯುತ್ತಾರೆ!

ಲೆಕ್ಕ ಬರೆಯಲು ಕೂತರೆ ಮಾತ್ರ ಸೊನ್ನೆಯಿಲ್ಲದೆ ನಡೆಯದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕವರ್ಷ 1039ರಲ್ಲಿ, ಅಂದರೆ ಕ್ರಿ.ಶ. 1117ರಲ್ಲಿ. ಆ 1039ರ ಸೊನ್ನೆಯನ್ನು ಅಳಿಸಿ ನೋಡಿ, ಉಳಿಯುವುದು 139. ಒಂಬೈನೂರು ವರ್ಷ ಮಾಯ! ಗುಡಿ ಕಟ್ಟಿಸಿದ ದೊರೆ ವಿಷ್ಣುವರ್ಧನನೂ ಇಲ್ಲ, ಅವನ ವಂಶದ ಹೊಯ್ಸಳರೂ ಇಲ್ಲ. ನೂರರ ಸ್ಥಾನದಲ್ಲಿ ಏನೂ ಇಲ್ಲ ಎನ್ನುವುದಕ್ಕೂ ಒಂದು ಗುರುತು ಬೇಕು.

ಏನೂ ಇಲ್ಲದ ಜಾಗ ಕಟ್ಟಡಕ್ಕೂ ಬೇಕು. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಅದರ ಮಂಟಪ 16 ಮೂಲೆಗಳ ನಕ್ಷತ್ರ. ಮೂಲೆಗಳನ್ನು ಬೆರಳು ಮಡಿಸಿ ಎಣಿಸಬಹುದು. ಅವು ಸುತ್ತುವರಿದ ನಡುಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ. ಅಳತೆ ಹಿಡಿಯಲು ಅದೇ ಆಧಾರ. ವಚನಕಾರ ಅಲ್ಲಮನ ಶೂನ್ಯವೂ ಹಾಗೆಯೇ ಬರಿದಲ್ಲ, ‘ನಾನು’ ಕಳಚಿದ ಮೇಲಿನ ತುಂಬು.

ಸೊನ್ನೆಯೊಡನೆ ಕೂಡುವ, ಕಳೆಯುವ ನಿಯಮಗಳನ್ನು ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದ. ಬೇಲೂರಿನಲ್ಲಿ ಪ್ರತಿಷ್ಠೆಯಾದಾಗ ಮೂರು ವರ್ಷದ ಮಗುವಾಗಿದ್ದ ಭಾಸ್ಕರಾಚಾರ್ಯ ಮುಂದೆ ಇನ್ನೂ ದೊಡ್ಡ ಹೆಜ್ಜೆಯಿಟ್ಟ. ಸೊನ್ನೆಯಿಂದ ಭಾಗಿಸಿದ ರಾಶಿಗೆ ಎಷ್ಟು ಕೂಡಿದರೂ, ಕಳೆದರೂ ಅದು ಬದಲಾಗದು. ಸೃಷ್ಟಿ, ಪ್ರಳಯಗಳಲ್ಲಿ ಅನಂತನಾದ ಅಚ್ಯುತ ಬದಲಾಗದ ಹಾಗೆ ಎಂದ. ಇಂದಿನ ಗಣಿತ ಒಪ್ಪುವುದಿಲ್ಲ, ಸೊನ್ನೆಯಿಂದ ಭಾಗಿಸುವುದೇ ಸಲ್ಲದು ಎನ್ನುತ್ತದೆ. ಮೇಷ್ಟರ ಕೈಯಲ್ಲಿ ಆ ಉತ್ತರಕ್ಕೆ ಅಂಕ ಬೀಳಲಿಕ್ಕಿಲ್ಲ. ಆದರೂ ಲೆಕ್ಕದ ಪುಸ್ತಕದ ನಡುವೆಯೇ ದೇವರನ್ನು ಕರೆತಂದ ಆ ಎದೆಗಾರಿಕೆ ನನಗೆ ಬಹಳ ಇಷ್ಟ.